ಬೂಸ್ಟು ಎಷ್ಟಿಡಲಿ?

ಡೀಸೆಲ್ ಗಾಡಿಗಳಿಗೆ ಟರ್ಬೊ ಬಂದ ಮೇಲೆ ನನ್ನ ಷೆಡ್ಡಿನಲ್ಲಿ ನಗುವುದಕ್ಕೆ ಬರವಿರಲಿಲ್ಲ. ನಾನು ನಗುವವನಲ್ಲ. ಆದರೂ ನಗಿಸುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು.

ರಾಮನಗರದ ಹೊರಗೆ ಹೆದ್ದಾರಿ ಪಕ್ಕ ಷೆಡ್ಡು. ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಹೊಲ ಬಿಟ್ಟುಕೊಟ್ಟವರ ಮನೆ ಮುಂದೆ ಗಾಡಿ ಬಂದು ನಿಂತವು. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗುವ ಸಣ್ಣ ಫ್ಯಾನು. ಇಂಜಿನ್ನಿಗೆ ಗಾಳಿ ತುರುಕುತ್ತದೆ. ಎಷ್ಟು ತುರುಕಬೇಕು ಅನ್ನುವುದು ಬೂಸ್ಟು. ಅದಕ್ಕೊಂದು ನಟ್ಟು. ಒಂದು ಕಡೆ ತಿರುಗಿಸಿದರೆ ಎಳೆತ ಹೆಚ್ಚು. ಮಿತಿ ಮೀರಿದರೆ ಇಂಜಿನ್ ಹೋಯಿತು. ಎರಡು ಮುದ್ದೆಯ ಹೊಟ್ಟೆಗೆ ಐದು ಮುದ್ದೆ ತುರುಕಿದ ಹಾಗೆ.

ಇಷ್ಟು ತಿಳಿದರೆ ಸಾಕು. ನನ್ನ ಗಿರಾಕಿಗಳಿಗೆ ಇಷ್ಟೂ ತಿಳಿದಿರಲಿಲ್ಲ.

ಹದಿನೆಂಟು

ಫ್ಯಾಕ್ಟರಿ ಷಿಫ್ಟಿಗೆ ಜನ ಸಾಗಿಸುವ ವ್ಯಾನಿನ ಡ್ರೈವರು ಬಂದ.

"ಯಜಮಾನ್ರೇ, ಬೂಸ್ಟು ಹದಿನೆಂಟು ಪಾಯಿಂಟ್ ಹಾಕ್ಬುಡಿ."

"ಯಾಕೆ?"

"ಆ ಚನ್ನಪಟ್ಟಣದವಂದು ಹದಿನೇಳು ಐತೆ."

"ಅವನದು ಯಾಕೆ ಹದಿನೇಳು?"

"ನಂದು ಹದಿನಾರು ಅಂತ ನಾನೇ ಅವನಿಗೆ ಹೇಳಿದ್ದೆ."

"ನಿಜವಾಗಿ ನಿಂದು ಎಷ್ಟು?"

"ಅದನ್ನ ನೀವು ನೋಡಿ ಹೇಳ್ಬೇಕು."

ಬಾನೆಟ್ ಎತ್ತಿ ನೋಡಿದೆ. ಆ ವ್ಯಾನಿಗೆ ಟರ್ಬೊನೇ ಇರಲಿಲ್ಲ.

ಓಡಿದಷ್ಟು ಹೊತ್ತು

ಮಾಗಡಿಯವನೊಬ್ಬ ತೆಂಗಿನಕಾಯಿ ಸಾಗಿಸುವ ಜೀಪು ತಂದ. ಬೂಸ್ಟು ಏರಿಸು ಅಂದ. ಬೇಡ ಅಂದೆ. ಮೂರು ದಿನ ಷೆಡ್ಡಿನ ಮುಂದೆ ಕೂತ. ಏರಿಸಿದೆ. ಒಂದೇ ವಾರಕ್ಕೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಜೀಪು ವಾಪಸು ಬಂತು. ಗ್ಯಾಸ್ಕೆಟ್ ಸುಟ್ಟಿತ್ತು. ಪಿಸ್ಟನ್ ಕರಗಿತ್ತು.

"ಹೇಳಿದ್ದೆ" ಅಂದೆ.

"ಹೇಳಿದ್ರಿ. ಆದ್ರೆ ಓಡಿದಷ್ಟು ಹೊತ್ತು ಏನ್ ಓಡ್ತು ಗೊತ್ತಾ ಯಜಮಾನ್ರೇ! ಬಸ್ಸಿನವನು ಕಿಟಕಿಯಿಂದ ತಲೆ ಹಾಕಿ ನೋಡ್ಬುಟ್ಟ!"

ಹದಿನೈದು ದಿನ ಕೂತು ಇಂಜಿನ್ ಕಟ್ಟಿದೆ. ಕೀಲಿ ಕೊಡುವಾಗ ಕೈ ಮುಗಿದ.

"ಸೆಟ್ಟಿಂಗ್ ಮಾತ್ರ ಹಳೇದೇ ಇರ್ಲಿ."

ಅವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ಬೂಸ್ಟು ಕೇಳಿಕೊಂಡು ಯಾರೇ ಬರಲಿ, ಮೊದಲು ನಟ್ಟು ಕಂಪನಿಯವರು ಬಿಟ್ಟ ಜಾಗದಲ್ಲಿದೆಯೇ ನೋಡುವುದು. ಅದರ ಮೇಲೆ ಬಿಳಿ ಪೇಂಟಿನ ಒಂದು ಚುಕ್ಕೆ ಇಡುವುದು. ತಿರುಗಿದರೆ ಗೊತ್ತಾಗಲಿ ಅಂತ. ಆಮೇಲೆ ಗಿರಾಕಿಗೆ ಕೇಳುವ ಹಾಗೆ ಸ್ಪ್ಯಾನರಿನಿಂದ ಪಕ್ಕದ ಕಬ್ಬಿಣಕ್ಕೆ ಎರಡು ಸಲ ಬಡಿಯುವುದು. ಕೊನೆಗೆ ಇಂಜಿನ್ನಿನ ಗಾಳಿ ಸೋಸುವ ಏರ್ ಫಿಲ್ಟರ್ ಬಿಚ್ಚಿ ದೂಳು ಕೊಡವುವುದು.

ನಮ್ಮ ಕಡೆ ಆಗ ಫ್ಯಾಕ್ಟರಿಗೆ ನೆಲ ಅಗೆಯುವವರು, ರಸ್ತೆ ಅಗಲ ಮಾಡುವವರು, ಜಲ್ಲಿ ಲಾರಿಗಳು. ಒಂದೊಂದು ಫಿಲ್ಟರಿನಿಂದ ಅರ್ಧ ಸೇರು ಮಣ್ಣು ಬೀಳುತ್ತಿತ್ತು. ಉಸಿರು ಕಟ್ಟಿದ್ದ ಗಾಡಿ ಆಮೇಲೆ ಜಿಗಿಯುತ್ತಿತ್ತು. "ಬೂಸ್ಟು ಅಂದ್ರೆ ಇದಪ್ಪಾ!" ಅನ್ನುತ್ತಿದ್ದರು. ನಾನು ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ.

ಮೂರು ಜನ, ಒಂದು ಗಾಡಿ

ಕೂಟಗಲ್ ಕಡೆಯ ಒಂದು ಮನೆಯವರು ಹಳೆಯ ಟರ್ಬೊ ಗಾಡಿ ಕೊಂಡಿದ್ದರು. ಏಳು ಸೀಟಿನದು. ಮಗಳ ಮದುವೆ ಗೊತ್ತಾಗಿತ್ತು. ಗಂಡು ಕೆಂಪಾಪುರದವನು, ಛತ್ರ ಮಾಗಡಿಯಲ್ಲಿ. ಹೆಣ್ಣು ಅದೇ ಗಾಡಿಯಲ್ಲಿ ಹೋಗಬೇಕು.

ಸೋಮವಾರ ಅಪ್ಪ ಬಂದ. "ಬೂಸ್ಟು ಒಸಿ ಇಳ್ಸಿ. ನನ್ ಮಗ ಹಾರಿಸ್ತಾನೆ. ಅವನಿಗೆ ಹೇಳ್ಬ್ಯಾಡಿ."

ಮಂಗಳವಾರ ಮಗ ಬಂದ. "ಏರ್ಸಿ. ಗಂಡಿನ ಕಡೆಯೋರೂ ದೇವರಿಗೆ ಹೋಗಿ ನಮ್ಮ ದಾರೀಲೇ ಬತ್ತಾರೆ, ದಿಬ್ಬದಲ್ಲಿ ನಮ್ಮನ್ನ ಹಿಂದೆ ಹಾಕುದ್ರೆ ಮಾನ ಹೋಯ್ತದೆ. ಅಪ್ಪಂಗೆ ಹೇಳ್ಬ್ಯಾಡಿ."

ಬುಧವಾರ ಹೆಣ್ಣಿನ ಸೋದರಮಾವ ಬಂದ. ಲೋಕ ಕಂಡವನು. ಸ್ಟೂಲು ಎಳೆದುಕೊಂಡು ಕೂತ.

"ಬೀಗರ ಗಾಡೀದು ಎಷ್ಟೈತೆ ಅಂತ ವಿಚಾರಿಸ್ಕಂಡು ಬಂದಿವ್ನಿ. ನಮ್ಮದೂ ಅಷ್ಟೇ ಇಡಿ. ಹೆಚ್ಚಾದ್ರೆ ಹೆಣ್ಣಿನೋರಿಗೆ ಕೊಬ್ಬು ಅಂತಾರೆ. ಕಮ್ಮಿಯಾದ್ರೆ ಗತಿ ಇಲ್ದೋರು ಅಂತಾರೆ. ಇವರಿಬ್ಬರಿಗೂ ಹೇಳ್ಬ್ಯಾಡಿ."

ಜಾತಕದಲ್ಲಿ ಗಣ, ನಾಡಿ ಹೊಂದಿಸುವುದು ಕೇಳಿದ್ದೆ. ಬೂಸ್ಟು ಹೊಂದಿಸುವುದು ಅವತ್ತು ಕೇಳಿದೆ.

ಮೂರು ಸಲವೂ ದೂಳು ಕೊಡವಿದೆ. ಅಪ್ಪ ಓಡಿಸಿ ನೋಡಿ, "ಈಗ ಮುದಿ ಎತ್ತಿನಂಗೆ ತಣ್ಣಗೆ ಹೋಯ್ತದೆ" ಅಂದ. ಮಗ, "ಚಿಗರೆ ಕಣ್ ತಾತ, ಚಿಗರೆ!" ಅಂದ. ಸೋದರಮಾವ ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳಿದ. "ಥೇಟು ಬೀಗರ ಗಾಡೀದೇ" ಅಂದ.

ನಾಲ್ಕನೆಯವಳು

ಗುರುವಾರ ಹುಡುಗಿಯೇ ಬಂದಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಗಾಡಿಯನ್ನು ಅಣ್ಣ ಷೆಡ್ಡಿನ ಮುಂದೆ ನಿಲ್ಲಿಸಿ ಲಗ್ನಪತ್ರಿಕೆ ಹಂಚಲು ಹೋಗಿದ್ದ.

"ತಾತ, ನಮ್ಮನೇಲಿ ಮೂರ್ ಜನವೂ ಬಂದೋದ್ರಾ?"

ನಾನು ಸ್ಪ್ಯಾನರು ಒರೆಸತೊಡಗಿದೆ.

"ಸುಮ್ನಿದ್ದೀರ ಅಂದ್ರೆ ಬಂದವ್ರೆ. ನಂಗೆ ಯಾವ ಬೂಸ್ಟೂ ಬ್ಯಾಡ. ವರಪೂಜೆಗೆ ಮುಂಚೆ ಛತ್ರ ಸೇರಿದ್ರೆ ಸಾಕು. ದಾರೀಲಿ ಕೆಟ್ಟು ನಿಂತ್ರೆ ಇವರು ಮೂರು ಜನ ಜಗಳಕ್ಕೆ ನಿಂತ್ಕತಾರೆ. ಗಂಡಿನೋರು ಬಂದು ಬಾಗಲಲ್ಲಿ ಕಾಯ್ಬೇಕಾಯ್ತದೆ. ಆಮೇಲೆ ಜೀವಮಾನವೆಲ್ಲ ಆ ಮಾತು ಕೇಳೋಳು ನಾನು."

ಬಾನೆಟ್ ಎತ್ತಿ ಬಿಳಿ ಚುಕ್ಕೆ ತೋರಿಸಿದೆ. "ನಟ್ಟು ಅಲ್ಲಾಡಿಲ್ಲ."

"ಮತ್ತೆ ಮೂರು ದಿನ ಏನ್ ಮಾಡುದ್ರಿ?"

ಫಿಲ್ಟರ್ ಬಿಚ್ಚಿ, ಕೊಡವಿ, ಮತ್ತೆ ಹಾಕಿ ತೋರಿಸಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ಕೈ ಚಾಚಿದಳು. "ನಾನೊಂದ್ಸಲ ಬಿಚ್ತೀನಿ."

ಎರಡನೇ ಸಲಕ್ಕೆ ನನಗಿಂತ ಬೇಗ ಬಿಚ್ಚಿದಳು.

ದಿಬ್ಬ

ಕರೆದರು, ಮದುವೆಗೆ ನಾನೂ ಅದೇ ಗಾಡಿಯಲ್ಲಿ ಹೋದೆ. ದಾರಿಯುದ್ದಕ್ಕೂ ರಸ್ತೆ ಕೆಲಸ. ಮುಂದೆ ಜಲ್ಲಿ ಲಾರಿ. ಮಗ ಸ್ಟಿಯರಿಂಗಿನಲ್ಲಿ. ಲಾರಿಯ ದೂಳು ಕುಡಿದು ಕುಡಿದು ಗಾಡಿ ಅರ್ಧ ದಿಬ್ಬದಲ್ಲಿ ಕರಿ ಹೊಗೆ ಉಗುಳಿ ನಿಂತಿತು. ಮಗ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

ಅಪ್ಪ ಶುರು ಮಾಡಿದ. "ನೀನು ಹಾರಿಸ್ತೀಯ ಅಂತ್ಲೇ ನಾನು ಇಳ್ಸಿದ್ದು!"

"ಏನು, ಇಳ್ಸಿದ್ರಾ? ನಾನು ಏರ್ಸಿದ್ನಲ್ಲ!"

"ನೀವಿಬ್ಬರೂ ಮುಟ್ಟಿದ್ರಾ? ನಾನು ಬೀಗರ ಸಮಕ್ಕೆ ಇಡ್ಸಿದ್ದೆ ಕಣ್ರಲಾ!"

ಮೂವರೂ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಗಂಡಿನ ಕಡೆಯವರ ಗಾಡಿ ಕಂಡಿತು. ದೂರದ ಮನೆದೇವರಿಗೆ ಪೂಜೆ ಮಾಡಿಸಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದರು.

"ಮಾತು ಸಾಕು" ಅಂತ ಹುಡುಗಿ ಇಳಿದಳು. ರೇಷ್ಮೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿದಳು. ಬಿಚ್ಚಿದಳು. ಫಿಲ್ಟರನ್ನು ಮೈಲಿಗಲ್ಲಿಗೆ ನಾಲ್ಕು ಸಲ ಬಡಿದಳು. ಹಾಕಿದಳು. ಕೈ ಒರೆಸಿಕೊಳ್ಳಲು ಅಣ್ಣನ ಹೊಸ ಪಂಚೆ ಸಿಕ್ಕಿತು.

ಗಾಡಿ ದಿಬ್ಬ ಹತ್ತಿತು. ಗಂಡಿನವರಿಗಿಂತ ಮುಂಚೆ ಛತ್ರದ ಬಾಗಿಲಲ್ಲಿ ನಿಂತೆವು.

ವರಪೂಜೆಯ ಗದ್ದಲ ಮುಗಿದ ಮೇಲೆ ಮೂವರಿಗೂ ಸತ್ಯ ಹೇಳಿದೆ. ನಟ್ಟು ಯಾರೂ ಮುಟ್ಟಿಲ್ಲ, ಬರೀ ದೂಳು. ಅವರು ನನ್ನನ್ನೇ ಮರುಕದಿಂದ ನೋಡಿದರು.

"ಮಿಕ್ಕ ಇಬ್ಬರ ಮಾನ ಉಳ್ಸಕ್ಕೆ ಹಂಗಂತೀರ" ಅಂತ ಅಪ್ಪ ಒಂದು ಮೂಲೆಗೆ ಕರೆದು ಪಿಸುಗುಟ್ಟಿದ. "ದಿಬ್ಬ ಹತ್ತಿದ್ದು ನನ್ ಸೆಟ್ಟಿಂಗಲ್ಲೇ ಅಂತ ನಂಗೊತ್ತು."

ಅರ್ಧ ಗಂಟೆಯೊಳಗೆ ಮಿಕ್ಕ ಇಬ್ಬರೂ ಅದೇ ಮೂಲೆಗೆ ಕರೆದರು.

ಕೂಟಗಲ್ ಸೆಟ್ಟಿಂಗು

ಬೀಗರೂಟದಲ್ಲಿ ಮೂಳೆ ಕಡಿಯುತ್ತಾ ಆಡಿದ ಮಾತು ಎಲೆ ಎತ್ತುವ ಮೊದಲೇ ನಾಲ್ಕು ತಾಲ್ಲೂಕು ಸುತ್ತುತ್ತದೆ. ಮರುವಾರ ಕನಕಪುರದಿಂದ ಎರಡು ಗಾಡಿ, ಚನ್ನಪಟ್ಟಣದಿಂದ ಮೂರು. "ಯಜಮಾನ್ರೇ, ಆ ಕೂಟಗಲ್ ಸೆಟ್ಟಿಂಗ್ ಹಾಕ್ಬುಡಿ." ದೂಳು ಕೊಡವಿ ಕೊಡವಿ ನನಗೇ ಕೆಮ್ಮು ಹಿಡಿಯಿತು.

ತಿಂಗಳಾದ ಮೇಲೆ ಆ ಹುಡುಗಿಯ ಗಂಡ, ಕೆಂಪಾಪುರದವನು, ಒಬ್ಬನೇ ತನ್ನ ಗಾಡಿ ತಂದ. ಆ ಕಡೆ ಈ ಕಡೆ ನೋಡಿದ.

"ತಾತ, ನಮ್ಮ ಮಾವನ ಗಾಡಿಗಿಂತ ಒಂದೇ ಒಂದು ಪಾಯಿಂಟ್ ಹೆಚ್ಚು ಇಡಿ. ನಮ್ಮನೆಯವಳಿಗೆ ಮಾತ್ರ ಗೊತ್ತಾಗಬಾರ್ದು."

ಬಾನೆಟ್ ಎತ್ತಿದೆ. ಫಿಲ್ಟರ್ ಬಿಚ್ಚಿದೆ. ಒಂದು ಚಿಟಿಕೆ ದೂಳಿಲ್ಲ. ನಟ್ಟು ನೋಡಿದೆ. ಅದರ ಮೇಲೆ ಆಗಲೇ ಒಂದು ಚುಕ್ಕೆ ಇತ್ತು. ಬಿಳಿಯದಲ್ಲ, ಕೆಂಪು. ಪೇಂಟೂ ಅಲ್ಲ.

ಉಗುರುಬಣ್ಣ.

ಬಾನೆಟ್ ಮುಚ್ಚಿದೆ.

"ಹೋಗಪ್ಪ" ಅಂದೆ. "ನಿಂದು ಮನೆಯಲ್ಲೇ ಸೆಟ್ಟಿಂಗ್ ಆಗಿದೆ."