ದವಡೆಯಲ್ಲಿ ಅಡಿಕೆ, ಬಾಯಲ್ಲಿ ಇಂಗ್ಲಿಷ್

ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವನ್ನೇ ಬಸ್ಸಿನ ಬೋರ್ಡು ಓದುವಷ್ಟು ಕಲಿತವಳು. ಆದರೆ ಯಾರದು ಒಳ್ಳೆಯ ಇಂಗ್ಲಿಷ್, ಯಾರದು ಕೆಟ್ಟದ್ದು ಎಂದು ಹೇಳಲು ಇಂಗ್ಲಿಷ್ ಬರಲೇಬೇಕೆಂದೇನಿಲ್ಲ. ಎಪ್ಪತ್ತರ ದಶಕದ ನಮ್ಮ ಇಳಕಲ್ಲಿನಲ್ಲಿ ಆ ತೀರ್ಪನ್ನು ಇಂಗ್ಲಿಷ್ ಬಾರದವರೇ ಕೊಡುತ್ತಿದ್ದರು. ನನ್ನ ಮಗಳು ಶಾಂತಾ ಬಿ.ಎ. ಮುಗಿಸಿ, ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಟೀಚರ್ ಆಗಲು ಹೋದಳು. ಆ ಕೆಲಸ ಸಿಗದಿದ್ದರೆ ನನ್ನ ಹಾಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ ಕೂಡಬೇಕು. ಅದು ನನಗೆ ಸುತರಾಂ ಬೇಡ. ಶಾಲೆಯ ಅಧ್ಯಕ್ಷರು ಸೀರೆ ವ್ಯಾಪಾರಿ ಚನ್ನಪ್ಪನವರು. ಅವಳ ಇಂಗ್ಲಿಷ್ ಕೇಳಿ ತಲೆ ಕೊಡವಿದರಂತೆ. ನಾನು ಅವರ ಅಂಗಡಿಗೇ ಹೋದೆ.

“ಏನ್ ತಪ್ಪೈತ್ರಿ ಆಕಿ ಇಂಗ್ಲಿಷಿನ್ಯಾಗ?”

“ಎಲ್ಲಾ ಬಿಡಿಬಿಡಿ ಕೇಳಸ್ತೈತಿ ನಾಗವ್ವ. ಹುನಗುಂದದ ಸಂತ್ಯಾಗ ಮೆಣಸಿನಕಾಯಿ ಮಾರಿದಂಗ. ಇಂಗ್ಲಿಷ್ ಅಂದ್ರ ಗುಳುಗುಳು ಅನ್ನಬೇಕು.”

ನಾನು ಹಿಡಿದದ್ದು ಬಿಡುವವಳಲ್ಲ. ಬಿಳಿಯರೇ ತೀರ್ಪು ಕೊಡಲಿ ಎಂದು ಶಾಂತಾಳನ್ನೂ ಚನ್ನಪ್ಪನವರನ್ನೂ ಬಸ್ಸಿಗೆ ಹತ್ತಿಸಿ, ಗುಹೆ ನೋಡಲು ಬಿಳಿಯರು ಬರುವ ಬಾದಾಮಿಗೆ ಕರೆದೊಯ್ದೆ. ಗುಹೆಯ ಮೆಟ್ಟಿಲ ಮೇಲೆ ಒಬ್ಬ ಬಿಳಿ ಮುದುಕಿ ಟೊಪ್ಪಿಗೆಯಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು. ಶಾಂತಾ ಮಾತಾಡಿಸಿದಳು. ಆಕೆ ಸಾವಕಾಶವಾಗಿ, ಬಿಡಿಬಿಡಿಯಾಗಿಯೇ ಉತ್ತರ ಕೊಟ್ಟಳು. ಇಬ್ಬರೂ ನಕ್ಕರು. ಮಂಗವೊಂದು ಆಕೆಯ ಬಾಳೆಹಣ್ಣು ಕಸಿದಾಗ ಅದನ್ನು ಕೂಡಿಯೇ ಬೈದರು. ಗೆದ್ದೆನೆಂದು ಚನ್ನಪ್ಪನವರ ಕಡೆ ನೋಡಿದೆ.

“ಪಾಪ,” ಎಂದರು, “ಈ ಮುದಿಕಿಗೂ ಇಂಗ್ಲಿಷ್ ಬರೋಬ್ಬರಿ ಬರಾಂಗಿಲ್ಲ.”

ಮನೆಗೆ ಬಂದವಳೇ ಎಲೆಯಡಿಕೆಯ ಡಬ್ಬಿ ತೆಗೆದೆ.

“ಒಂದು ಹೋಳು ದವಡ್ಯಾಗ ಇಟಗೊಂಡು ಮಾತಾಡು.”

“ಯವ್ವಾ, ಹುಚ್ಚ ಹಿಡದೈತೇನ ನಿನಗ?”

“ಮಗ್ಗದ ಕುಣಿ ಇಳೀತಿಯೋ, ಅಡಕಿ ಹಿಡೀತಿಯೋ?”

ಮರುದಿನ ಅಂಗಡಿಯಲ್ಲಿ ಶಾಂತಾ ಮೊದಲು ಆಡಿದ್ದ ಇಂಗ್ಲಿಷನ್ನೇ ಅಡಿಕೆಯ ಸಮೇತ ಆಡಿದಳು. ಚನ್ನಪ್ಪನವರು ಕಣ್ಣು ಮುಚ್ಚಿ, ವಚನ ಕೇಳುವವರ ಹಾಗೆ ಕೇಳಿದರು. “ಈಗ ಬಂತ್ ನೋಡ್ರಿ! ಬಾದಾಮಿಗೆ ಹೋಗಿಬಂದಿದ್ದು ಭಾಳ ಛಲೋ ಆತು.”

ಕೆಲಸ ಸಿಕ್ಕಿತು. ಶಾಲೆಯಲ್ಲಿ ಶಾಂತಾ ಅಡಿಕೆಯಿಲ್ಲದೆಯೇ ಪಾಠ ಮಾಡುತ್ತಿದ್ದಳು, ಹುಡುಗಿಯರಿಗೆ ತಿಳಿಯುತ್ತಿತ್ತಂತೆ. ನಾನೂ ಚನ್ನಪ್ಪನವರ ಕಿವಿಯನ್ನು ನೆನೆದು ಓಣಿಯ ತುಂಬ ನಕ್ಕವಳೇ. ಮರುವರ್ಷ ಬಾಗಲಕೋಟೆಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. “ಎರಡು ಮಾತು ಇಂಗ್ಲಿಷಿನ್ಯಾಗ ಆಡವಾ,” ಎಂದರು. ಶಾಂತಾ ಬಾಯಿ ತೆರೆದಳು. ಅಡುಗೆಮನೆಯಲ್ಲಿ ನಿಂತು ಕೇಳಿದೆ. ಯಾಕೋ ನನ್ನ ಕಿವಿಗೂ ಬಿಡಿಬಿಡಿಯಾಗಿ, ಸಪ್ಪೆ ಎನ್ನಿಸಿತು. ಅಡಿಕೆ ಡಬ್ಬಿ ಹಿಡಿದುಕೊಂಡು ಹೊರಗೆ ಬಂದೆ.