ಚಹಾ ಇಲ್ಲದ ಸೈರನ್

ಮೊದಲೆಲ್ಲ ನಮ್ಮ ಸೈರನ್ ಸುಳ್ಳು ಹೇಳದ ವಾರವೇ ಅಪರೂಪ. ಮನುಷ್ಯ ಸುಳ್ಳು ಹೇಳಿದರೆ ಮುಖ ನೋಡಿ ತಿಳಿಯಬಹುದು. ಸೈರನ್ನಿಗೆ ಮುಖವಿಲ್ಲ.

ಹಗರಿಬೊಮ್ಮನಹಳ್ಳಿ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಸುರಕ್ಷತೆ ನೋಡಿಕೊಳ್ಳುವವನು. ಹುಣಸೆಹಣ್ಣು, ಮೆಣಸಿನಕಾಯಿ ತಂಪಾಗಿರಲು ಅಮೋನಿಯಾ ಅನಿಲ ಬೇಕು. ಅದು ಸೋರಿದರೆ ಗೋಡೆಯ ಮೇಲಿನ ಯಂತ್ರ ವಾಸನೆ ಹಿಡಿದು ಸೈರನ್ ಕೂಗಿಸಬೇಕು. ನಮ್ಮದು ಸೋರದಿದ್ದರೂ ಕೂಗುತ್ತಿತ್ತು. ಹೀಗೇ ಆದರೆ ವೈರನ್ನೇ ಕತ್ತರಿಸುವುದಾಗಿ ಮಾಲೀಕರು ಹೇಳಿದ್ದರು. ಹಾಗೆ ಮಾಡಿ, ಆಮೇಲೆ ಒಂದು ದಿನ ನಿಜವಾಗಿ ಸೋರಿದರೆ ಒಳಗಿನ ಹಮಾಲರ ಗತಿ ಏನು ಎಂದು ನನಗೆ ಭಯ.

ಕುರಿ

ಒಂದು ಮುಂಜಾನೆ ಸೈರನ್ ನಿಲ್ಲಲೇ ಇಲ್ಲ. ಪೈಪುಗಳನ್ನೆಲ್ಲ ಹುಡುಕಿದೆ, ಸೋರಿಕೆ ಇಲ್ಲ. ಕೊನೆಗೆ ಕಿಟಕಿಯಾಚೆ ನೋಡಿದರೆ ಪಕ್ಕದ ಹೊಲದವರು ಗೊಬ್ಬರಕ್ಕೆಂದು ರಾತ್ರಿಯಿಡೀ ಮುನ್ನೂರು ಕುರಿ ತರುಬಿ ನಿಲ್ಲಿಸಿದ್ದರು. ಉಚ್ಚೆಯಲ್ಲೂ ಅಮೋನಿಯಾ ಇರುತ್ತದೆ; ಅದರ ವಾಸನೆ ನಮ್ಮ ಯಂತ್ರಕ್ಕೆ ತಟ್ಟಿತ್ತು. ಕುರಿ ಕಾಯುವ ಹಿರಿಯರಿಗೆ ವಿಷಯ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

“ಈ ವಾಸನಿಗೆ ಕೂಗೋದಾದ್ರ, ನಮ್ಮ ಮನಿಯಾಗ ಇಟ್ರ ಅದು ಉಸುರಾಡಾಕೂ ನಿಂದ್ರಂಗಿಲ್ಲ ಬಿಡ್ರಿ” ಅಂದರು.

ವಿಭೂತಿ

ಆಯುಧಪೂಜೆಯ ನಂತರ ಒಂದು ತಿಂಗಳು ಸೈರನ್ ತುಟಿ ಬಿಚ್ಚಲಿಲ್ಲ. ಅನುಮಾನ ಬಂದು ಏಣಿ ಹತ್ತಿ ನೋಡಿದೆ. ಯಾರೋ ಭಕ್ತಿಯಿಂದ ಯಂತ್ರದ ಜಾಲರಿಗೆ ಮೂರು ಬೆರಳು ವಿಭೂತಿ ಬಳಿದಿದ್ದರು. ಅದರ ಮೂಗೇ ಮುಚ್ಚಿಹೋಗಿತ್ತು. ಇದು ಸುಳ್ಳು ಕೂಗಿಗಿಂತ ಅಪಾಯ ಎಂದು ಮಾಲೀಕರಿಗೆ ಹೇಳಿ ಕೆರೆದು ತೆಗೆದೆ. ಅವರು ಬೇಸರಪಟ್ಟುಕೊಂಡರು.

“ನೀವು ವರ್ಷಗಟ್ಲೆ ಮಾಡಾಕ ಆಗದ್ದನ್ನ ವಿಭೂತಿ ಒಂದ ದಿನದಾಗ ಮಾಡಿತ್ತಲ್ರಿ.”

ಚಹಾ

ಸೈರನ್ ಕೂಗಿದಾಗ ಎಲ್ಲರೂ ರಸ್ತೆಯಾಚೆಯ ಬೇವಿನ ಮರದ ಕೆಳಗೆ ಸೇರಬೇಕು. ಅಲ್ಲೇ, ಎಲ್ಲರೂ ಅಕ್ಕ ಎಂದು ಕರೆಯುವವಳ ಚಹಾದಂಗಡಿ. ಮೊದಲ ಸಲ ಸುಳ್ಳು ಕೂಗಿದಾಗ ಯಾರೂ ಗೊಣಗದಿರಲೆಂದು ಮಾಲೀಕರು ಎಲ್ಲರಿಗೂ ಚಹಾ ಕುಡಿಸಿದ್ದರು. ಅಂದಿನಿಂದ ಪ್ರತಿ ಕೂಗಿಗೂ ಚಹಾ ಎಂಬುದೇ ಪದ್ಧತಿಯಾಯಿತು.

ಆಮೇಲೆ ನಾನು ಯಂತ್ರವನ್ನು ಕಿಟಕಿಯಿಂದ ದೂರ ಸರಿಸಿ, ಜೊತೆಗೆ ಇನ್ನೊಂದನ್ನು ಹಾಕಿಸಿದೆ. ಎರಡೂ ಒಪ್ಪಿದರೆ ಮಾತ್ರ ಸೈರನ್. ಮೂರು ತಿಂಗಳು ಒಂದು ಸಲವೂ ಸುಳ್ಳು ಕೂಗಲಿಲ್ಲ. ಮಾಲೀಕರು ವೈರಿನ ಮಾತು ಬಿಟ್ಟರು. ಚಹಾ ತಪ್ಪಿದ ಹಮಾಲರು ಮಾತ್ರ ನನ್ನ ಕಂಡರೆ ಮುಖ ಗಂಟು ಹಾಕುತ್ತಿದ್ದರು.

ಒಂದು ಮಂಗಳವಾರ ವಾಲ್ವ್ ನಿಜವಾಗಿಯೂ ಸೋರಿತು. ಸೈರನ್ ಕೂಗಿದ್ದೇ ತಡ, ಎಲ್ಲರೂ ಮರದ ಕೆಳಗೆ ಹಾಜರ್. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಅಂದು ಅಕ್ಕ ನೆಂಟರ ತೊಟ್ಟಿಲ ಕಾರ್ಯಕ್ಕೆ ಕೊಟ್ಟೂರಿಗೆ ಹೋಗಿದ್ದಳು. ಹಿರಿಯ ಹಮಾಲ ಮುಚ್ಚಿದ ಅಂಗಡಿಯನ್ನೊಮ್ಮೆ ನೋಡಿದ.

“ಚಾ ಇಲ್ಲ ಅಂದ್ರ ಇದು ಸುಳ್ಳ ಸೈರನ್. ನಡೀರಿ ಒಳಗ” ಅಂದ.

ಎಲ್ಲರೂ ವಾಪಸ್ ಹೊರಟರು. ನಾನು ಮುಂದೆ ಓಡಿದೆ. ಗೇಟಿಗೆ ಅಡ್ಡ ನಿಂತು ವಿಷ, ಸಾವು, ಹೆಂಡತಿ ಮಕ್ಕಳು ಎಂದೆಲ್ಲ ಹೇಳಿದೆ. ಯಾರೂ ನಂಬಲಿಲ್ಲ. ಕೊನೆಗೆ, ಅಕ್ಕ ಬಸ್ಸಿನಲ್ಲಿದ್ದಾಳೆ, ಬಂದ ಕೂಡಲೇ ಎರಡೆರಡು ಕಪ್ ಎಂದೆ. ತಕ್ಷಣ ಕೂತರು. ಅಷ್ಟರಲ್ಲಿ ಮೆಕ್ಯಾನಿಕ್ ಅನಿಲ ತಡೆಯುವ ಮುಖವಾಡ ಹಾಕಿಕೊಂಡು ಹೋಗಿ ವಾಲ್ವ್ ಮುಚ್ಚಿದ.

ಈಗ ನಮ್ಮ ಸುರಕ್ಷತಾ ಪುಸ್ತಕದಲ್ಲಿ ಒಂದು ಹೊಸ ನಿಯಮವಿದೆ: ಅಕ್ಕ ಊರಿಗೆ ಹೋಗುವುದಿದ್ದರೆ ಮೊದಲೇ ನನಗೆ ತಿಳಿಸಬೇಕು. ಅಕ್ಕ ಒಪ್ಪಿದಳು. ಆದರೆ ತನ್ನದೂ ಒಂದು ಷರತ್ತು ಹಾಕಿದಳು.

“ಸೋರೋದಿದ್ರ ನಿಮ್ಮ ಗ್ಯಾಸೂ ನನಗ ಮೊದಲ ಹೇಳ್ಬೇಕ್ರಿ. ಹಾಲು ತರಿಸಿ ಇಡಬೇಕಲ್ಲ.”