ಟೀ ಮನೆಯಲ್ಲಿ ಹಾಲು ಉಕ್ಕಿದ್ದು

ಮನೆ ಕೊಳ್ಳುವ ಆಸೆ ತೀರಿದ ಮೇಲೆ, ಆ ಮನೆಯಲ್ಲಿ ತನ್ನದೇ ಒಂದು ಮೂಲೆ ಬೇಕೆನ್ನುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತು. ಅಮೆರಿಕದ ಸರಟೋಗಾದಲ್ಲಿ ನಾವು ಕೊಂಡ ಮನೆಯ ಹಿತ್ತಲಲ್ಲಿ ಹಿಂದಿನವರು ಬಿಟ್ಟುಹೋದ ಹಳೆಯ ಜಪಾನೀ ಟೀ ಮನೆಯೊಂದಿತ್ತು. ಒಂದೇ ಕೋಣೆ, ಕಾಗದದ ಜಾರುಬಾಗಿಲು, ನೆಲಕ್ಕೆ ಹುಲ್ಲಿನ ದಪ್ಪ ಚಾಪೆ, ನಡುವೆ ನೀರು ಕಾಯಿಸಲು ಚೌಕಾಕಾರದ ಒಲೆಗುಂಡಿ. ಆಗ ಅದರಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಊಟದ ಮೇಜಿನ ಮೇಲೆ ಕೊತ್ತಂಬರಿ ಕಟ್ಟಿನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗು ನಡೆಸಿ ಬೇಸತ್ತಿದ್ದ ನನಗೆ ಮಾತ್ರ ಅದು ಆಫೀಸಾಗಿಯೇ ಕಂಡಿತು.

ರಿಪೇರಿಗೆ ಸಿಕ್ಕವರು ತನಾಕಾ ಎಂಬ ಎಪ್ಪತ್ತು ದಾಟಿದ ಬಡಗಿ. ಮೊಳೆಯಿಲ್ಲದೆ ಮರಕ್ಕೆ ಮರ ಕೂಡಿಸುವವರು. ಮಾತನ್ನೂ ಅಷ್ಟೇ ಮಿತವಾಗಿ ಬಳಸುವವರು. ಇಂಥ ಕಟ್ಟಡವನ್ನು ಗೋದಾಮು ಮಾಡುವವರಿಗೆ ತಾನು ಕೆಲಸ ಮಾಡುವುದಿಲ್ಲ ಎಂದು ಮೊದಲ ದಿನವೇ ಹೇಳಿ, ನೀವು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿದರು. ಸುಮ್ಮನೆ ಕೂರುವುದಕ್ಕೆ ಎಂದೆ. ಅದು ಪೂರ್ತಿ ಸುಳ್ಳಲ್ಲ, ಮೀಟಿಂಗುಗಳಲ್ಲಿ ನಾನು ಮಾಡುವುದು ಅದನ್ನೇ. ಗಾಲಿಯ ಆಫೀಸು ಕುರ್ಚಿಗೆ ಆಗಲೇ ಆರ್ಡರ್ ಕೊಟ್ಟಿದ್ದನ್ನು ಹೇಳಲಿಲ್ಲ.

ಏಳು ತಿಂಗಳು ಕಳೆದು, ಒಂದೇ ಒಂದು ಬಾಗಿಲಿಗೆ ಕಾಗದ ಅಂಟಿಸುವುದಷ್ಟೇ ಉಳಿದಿತ್ತು. ಅಂದು ಬೆಳಿಗ್ಗೆ ನನ್ನ ಹೆಂಡತಿ ಸುಧಾ ಪಂಚಾಂಗ ನೋಡಿ, ಟೀ ಮನೆಯಾದರೂ ಮನೆಯೇ, ಒಳಗೆ ಹಾಲು ಉಕ್ಕಲೇಬೇಕು ಎಂದಳು. ಒಲೆಗುಂಡಿಯಲ್ಲಿ ಕೆಂಡ ಹಾಕಿ ಪುಟ್ಟ ಪಾತ್ರೆಯಲ್ಲಿ ಹಾಲಿಟ್ಟಳು. ಹಾಲು ಮೇಲೇರಿದ್ದೇ ತಡ, ಮೂಲೆಯಲ್ಲಿ ಅಂಟು ಕಲಸುತ್ತಿದ್ದ ತನಾಕಾ ಓಡಿಬಂದು ಪಾತ್ರೆ ಇಳಿಸಿಬಿಟ್ಟರು. ಸುಧಾ ಅಷ್ಟೇ ಗಾಬರಿಯಿಂದ ಮತ್ತೆ ಇಟ್ಟಳು. ಅವರು ಮತ್ತೆ ಇಳಿಸಹೋದರು. ಈ ಎಳೆದಾಟದಲ್ಲಿ ಅರ್ಧ ಹಾಲು ಹೊಸ ಚಾಪೆಯ ಪಾಲಾಯಿತು.

ಈ ಮನುಷ್ಯ ಚೀಲ ಹೆಗಲಿಗೇರಿಸಿ ಹೊರಟರೆ ನನ್ನ ಆಫೀಸು ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಎಲ್ಲವೂ ತುಂಬಿ ಹರಿಯಲೆಂದು ಬೇಕೆಂದೇ ಉಕ್ಕಿಸುತ್ತೇವೆ ಎಂದು ಸುಧಾ ಇಂಗ್ಲಿಷಿನಲ್ಲಿ ವಿವರಿಸಿದಳು. ತನಾಕಾ ಬಗ್ಗಿ ಚಾಪೆಯ ಒದ್ದೆಯನ್ನು ಮುಟ್ಟಿ ನೋಡಿದರು. ಚಾಪೆಯ ಮೇಲ್ಹೊದಿಕೆಯನ್ನು ಮಗುಚಿ ಹೊಲಿದರಾಯಿತು ಎಂದು ಹೇಳಿ, ಮಂಡಿಯೂರಿ ಒರೆಸತೊಡಗಿದರು. ಹೋದ ಜೀವ ಬಂದಂತಾಗಿ ನನ್ನ ನಾಲಿಗೆ ಸಡಿಲವಾಯಿತು.

"ಬಿಡಿ, ಹೇಗೂ ಕುರ್ಚಿ ಕೆಳಗೆ ಕಾಣಲ್ಲ" ಎಂದುಬಿಟ್ಟೆ.

ಯಾವ ಕುರ್ಚಿ ಎಂದು ಕೇಳಿದರು. ಹೇಳಿದೆ. ಗಾಲಿಗಳೆಷ್ಟು ಎಂದರು. ಐದು ಎಂದೆ. ಅವರು ಒರೆಸುವುದನ್ನು ನಿಲ್ಲಿಸಿ ಸುಧಾಳ ಕಡೆ ತಿರುಗಿದರು.

"ಹಾಲಾದರೆ ಒರೆಸಬಹುದು" ಎಂದರು.

"ರೀ, ನಿಮ್ಮ ಕುರ್ಚಿ ಗ್ಯಾರೇಜಲ್ಲಿ ಇಟ್ಕೊಳ್ಳಿ" ಎಂದಳು ಸುಧಾ. ನಮ್ಮ ಮನೆಯಲ್ಲಿ ಅವಳ ತೀರ್ಪಿಗೆ ಮೇಲ್ಮನವಿಯಿಲ್ಲ.

ಈಗ ಗುರುವಾರಗಳಂದು ಸುಧಾ, ತನಾಕಾ ಇಬ್ಬರೂ ಟೀ ಮನೆಯಲ್ಲಿ ಕೂರುತ್ತಾರೆ. ಒಂದು ವಾರ ಅವರ ಹಸಿರು ಟೀ, ಮುಂದಿನ ವಾರ ನಮ್ಮ ಫಿಲ್ಟರ್ ಕಾಫಿ. ನಾನು ಗ್ಯಾರೇಜಿನಲ್ಲಿ ಮೀಟಿಂಗು ಮಾಡುತ್ತೇನೆ. ಬೆನ್ನ ಹಿಂದಿನ ವಾಷಿಂಗ್ ಮಷೀನು ಕಾಣದಿರಲೆಂದು ವೀಡಿಯೊದ ಹಿನ್ನೆಲೆಗೆ ಟೀ ಮನೆಯ ಫೋಟೊ ಹಾಕಿಕೊಂಡಿದ್ದೇನೆ. ಎಂಥ ಪ್ರಶಾಂತ ಜಾಗದಲ್ಲಿ ಕೂತು ಕೆಲಸ ಮಾಡುತ್ತೀರಿ ಎಂದು ಆಫೀಸಿನವರೆಲ್ಲ ಹೊಗಳುತ್ತಾರೆ. ಅಷ್ಟರಲ್ಲಿ ಮಷೀನು ಬಟ್ಟೆ ಹಿಂಡಲು ಶುರುಮಾಡುತ್ತದೆ. ನಾನು ಮೈಕು ಆರಿಸಿ ವಿನಯದಿಂದ ತಲೆ ಬಾಗುತ್ತೇನೆ.